ಆಳು ಬಾರದ ದಿನ

ಕಾಯಕವೆಂಬ ಪದವು ಶರಣಧರ್ಮದ ಗೃಹಸ್ಥರಿಗೆ ಅತ್ಯಂತ ಪರಿಚಿತವಾದುದು. ಅಂಗಡಿಯ ಬಾಗಿಲ ಮೇಲೆ ಅದನ್ನು ಬರೆಯಿಸುವರು. ಮಕ್ಕಳಿಗೆ ಅದನ್ನು ಕಲಿಸುವರು. ಸಭೆ ಸಮಾರಂಭಗಳಲ್ಲಿ ಅದನ್ನು ಕೊಂಡಾಡುವರು. ಕೆಲಸವು ಸರಾಗವಾಗಿ ಸಾಗುತ್ತಿರುವ ದಿನ ಈ ಕೊಂಡಾಟಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಲಸವು ತಡೆದು ನಿಂತ ದಿನ, ಬರಬೇಕಾದವನು ಬಾರದೆ ಹೋದ ದಿನ, ಯಜಮಾನನ ಮನಸ್ಸಿನಲ್ಲಿ ಏನು ನಡೆಯುವುದೆಂಬುದನ್ನು ನೋಡಿದರೆ ಮಾತ್ರ ಆ ಪದವು ಅವನ ನಾಲಗೆಯ ಮೇಲೆ ನಿಂತಿದೆಯೋ, ಹೃದಯಕ್ಕೆ ಇಳಿದಿದೆಯೋ ಎಂಬುದು ತಿಳಿಯುತ್ತದೆ.

ಸಿಂಧನೂರಿನ ಒಬ್ಬ ಸಣ್ಣ ಅಡತಿ ವರ್ತಕರನ್ನು ಮನಸ್ಸಿಗೆ ತಂದುಕೊಳ್ಳಬಹುದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತವು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಪೇಟೆಗೆ ಬರತೊಡಗುತ್ತದೆ. ಅಂಗಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ರೈತರು ತೂಕವಾಗಲೆಂದು ಕಾದಿದ್ದಾರೆ. ಹಮಾಲರು ಬಂದಿದ್ದಾರೆ, ಲೆಕ್ಕ ಬರೆಯುವ ಗುಮಾಸ್ತನು ಬಂದಿಲ್ಲ. ದೂರವಾಣಿಗೆ ಉತ್ತರವಿಲ್ಲ. ಯಾರ ಚೀಟಿ ಯಾವುದು, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬುದೆಲ್ಲವೂ ಅವನೊಬ್ಬನ ತಲೆಯಲ್ಲಿದೆ. ವರ್ತಕರು ಬೆಳಗಿನ ಲಿಂಗಪೂಜೆಗೆ ಕುಳಿತಾಗಲೇ ಈ ಸುದ್ದಿ ಬಂದಿತು. ಕೈಯಲ್ಲಿ ಲಿಂಗವಿದ್ದಿತು, ಕಣ್ಣು ಗಡಿಯಾರದ ಮೇಲಿದ್ದಿತು. ಪೂಜೆ ಮುಗಿಯುವ ಹೊತ್ತಿಗೆ ಆ ಗುಮಾಸ್ತನಿಗೆ ಏನೇನು ಅನ್ನಬೇಕೆಂಬುದೆಲ್ಲ ಮನಸ್ಸಿನಲ್ಲಿ ಸಿದ್ಧವಾಗಿದ್ದಿತು.

ಇಂತಹ ಮುಂಜಾನೆಯು ಸಿಂಧನೂರಿಗೆ ಮಾತ್ರ ಸೇರಿದ್ದಲ್ಲ. ಲಿಂಗಸುಗೂರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಗಳು ಬಾರದೆ ಹೋದರೂ, ಮಸ್ಕಿಯ ಬಟ್ಟೆಯಂಗಡಿಯಲ್ಲಿ ಗಿರಾಕಿಗಳಿಗೆ ಅರಿವೆ ತೋರಿಸುವ ಹುಡುಗನು ಬಾರದೆ ಹೋದರೂ ಇದೇ ಕಥೆ. ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಇರುವ ಹಟ್ಟಿಯ ಚಿನ್ನದ ಗಣಿಯಂತಹ ದೊಡ್ಡ ಉದ್ಯಮದಲ್ಲಿ ಪಾಳಿಗಳಿರುತ್ತವೆ, ಹಾಜರಿ ಪುಸ್ತಕವಿರುತ್ತದೆ, ಒಬ್ಬನ ಸ್ಥಾನಕ್ಕೆ ಮತ್ತೊಬ್ಬನನ್ನು ನಿಲ್ಲಿಸುವ ಏರ್ಪಾಡಿರುತ್ತದೆ. ನಾಲ್ಕೈದು ಜನರ ಸಣ್ಣ ವ್ಯಾಪಾರದಲ್ಲಿ ಅಂತಹ ಏರ್ಪಾಡಿಲ್ಲ. ಅಲ್ಲಿ ಒಬ್ಬನು ಬಾರದಿದ್ದರೆ ಅಂಗಡಿಯ ನಾಲ್ಕನೆಯ ಒಂದು ಭಾಗವೇ ಬಾರದಂತಾಯಿತು. ಆದುದರಿಂದ ಸಣ್ಣ ವ್ಯಾಪಾರಿಯ ಕಳವಳವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಅವನ ಮನೆಯ ಒಲೆಯೂ ಅದೇ ಅಂಗಡಿಯಿಂದಲೇ ಉರಿಯಬೇಕು.

ಆದರೆ ಈ ಕಳವಳವು ಒಂದೇ ಬಣ್ಣದ್ದಲ್ಲ. ಅದನ್ನು ಬಿಡಿಸಿ ನೋಡಿದರೆ ಮೂರು ಪದರಗಳು ಕಾಣುವುವು. ಮೊದಲನೆಯದು ಕೆಲಸದ ಚಿಂತೆ: ಕಾದಿರುವ ರೈತನಿಗೆ ಏನು ಹೇಳುವುದು, ಹಸಿದು ಬಂದವನಿಗೆ ಏನು ಬಡಿಸುವುದು ಎಂಬುದು. ಇದು ನ್ಯಾಯವಾದ ಚಿಂತೆ; ಕಾಯಕದ ಗೌರವದಿಂದಲೇ ಹುಟ್ಟಿದ್ದು. ಎರಡನೆಯದು ಸಂಶಯ: ನಿಜವಾಗಿಯೂ ಜ್ವರವೋ, ಅಥವಾ ಜಾತ್ರೆಗೆ ಹೋಗಿದ್ದಾನೋ ಎಂಬುದು. ಮೂರನೆಯದು ಅಭಿಮಾನ: ನನ್ನ ಉಪ್ಪುಂಡವನು ನನ್ನನ್ನು ಕೇಳದೆ ಹೇಗೆ ಉಳಿದನು ಎಂಬುದು. ಮೊದಲನೆಯ ಚಿಂತೆಯು ಸಾಯಂಕಾಲ ಕೆಲಸ ಮುಗಿದೊಡನೆ ತೀರುತ್ತದೆ. ಉಳಿದೆರಡು ರಾತ್ರಿಯೂ ನಿದ್ದೆಗೊಡುವುದಿಲ್ಲ. ಗುಮಾಸ್ತನು ಮರುದಿನ ಬಂದು ಕುಳಿತರೂ ಅವು ಹೋಗುವುದಿಲ್ಲ. ಹಾಗಾದರೆ ವರ್ತಕರನ್ನು ಬಾಧಿಸುತ್ತಿರುವುದು ನಿಂತುಹೋದ ಕೆಲಸಕ್ಕಿಂತಲೂ ಮಿಗಿಲಾದ ಬೇರೊಂದು ಎಂಬುದು ಸ್ಪಷ್ಟ. ಅದು ಏನೆಂಬುದನ್ನು ಶರಣರ ಬೆಳಕಿನಲ್ಲಿ ವಿಚಾರಿಸಬೇಕು.

ಇಲ್ಲಿ ಒಂದು ತೊಡಕುಂಟು; ಅದನ್ನು ಮರೆಮಾಚಬಾರದು. ಕಲ್ಯಾಣದ ಶರಣರಲ್ಲಿ ಹೆಚ್ಚಿನವರು ತಮ್ಮ ಕಾಯಕಕ್ಕೆ ತಾವೇ ಒಡೆಯರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಮೇದಾರ ಕೇತಯ್ಯನವರು ಬಿದಿರು ಕಡಿದು ಬುಟ್ಟಿ ಹೆಣೆದರು. ಇವರ ಕಾಯಕದಲ್ಲಿ ಪಗಾರ ಕೊಡುವವನೂ ಇಲ್ಲ, ಪಗಾರ ಪಡೆಯುವವನೂ ಇಲ್ಲ. ಇಂದಿನ ಅಂಗಡಿಯಲ್ಲಾದರೋ ಒಬ್ಬನದು ಬಂಡವಾಳ, ಮತ್ತೊಬ್ಬನದು ಮೈದುಡಿಮೆ. ಹೀಗಿರುವಾಗ ಶರಣರ ಕಾಯಕತತ್ತ್ವವು ಇಲ್ಲಿಗೆ ಹೊಂದುವುದೇ ಎಂದು ಯಾರಾದರೂ ಕೇಳಬಹುದು.

ಹೊಂದುತ್ತದೆ ಎಂಬುದಕ್ಕೆ ಬಸವಣ್ಣನವರ ಜೀವನವೇ ಸಾಕ್ಷಿಯಾಗಿದೆ. ಅವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಇನ್ನೊಬ್ಬರ ಆಶ್ರಯದಲ್ಲಿ ಲೆಕ್ಕ ಬರೆದವರು. ಹಾಗೆ ನೋಡಿದರೆ ಸಿಂಧನೂರಿನ ಗುಮಾಸ್ತನ ಕೆಲಸವು ಬಸವಣ್ಣನವರ ಕೆಲಸದ ಜಾತಿಗೇ ಸೇರಿದುದು. ಪಗಾರ ಪಡೆದ ಮಾತ್ರಕ್ಕೆ ದುಡಿಮೆಯು ಕಾಯಕದಿಂದ ಕೆಳಗಿಳಿಯುವುದಿಲ್ಲ. ಆದರೆ ಇದರಿಂದ ಇನ್ನೊಂದು ಮಾತೂ ಹೊರಡುತ್ತದೆ. ಪಗಾರ ಕೊಟ್ಟವನಿಗೆ ದುಡಿಮೆಯ ಹೊತ್ತಿನ ಮೇಲೆ ಹಕ್ಕುಂಟು. ದುಡಿಯುವವನ ಮೇಲೆ ಹಕ್ಕಿಲ್ಲ. ಕೂಲಿಯನ್ನು ಹಣದಿಂದ ಕೊಳ್ಳಬಹುದು. ಕೂಲಿಯು ಕಾಯಕವಾಗಬೇಕಾದರೆ ದುಡಿಯುವವನು ಅದರಲ್ಲಿ ತನ್ನ ಮನಸ್ಸನ್ನು ತಾನೇ ಇರಿಸಬೇಕು. ಅದನ್ನು ಹೆದರಿಸಿ ಪಡೆಯುವ ದಾರಿ ಯಾವ ಯಜಮಾನನಿಗೂ ಇಲ್ಲ.

ಈ ವಿಷಯದಲ್ಲಿ ದಾರಿ ತೋರಿಸುವ ಶರಣದಂಪತಿಗಳು ಈ ನೆಲದವರೇ ಆಗಿರುವುದು ರಾಯಚೂರು ಸೀಮೆಯ ಭಾಗ್ಯವೆನ್ನಬೇಕು. ಆಯ್ದಕ್ಕಿ ಮಾರಯ್ಯನವರೂ ಅವರ ಧರ್ಮಪತ್ನಿ ಲಕ್ಕಮ್ಮನವರೂ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಅವರಿಬ್ಬರ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರೇ ಇದೆ. ಇಂದಿಗೂ ಜಾತ್ರೆಗೆ ಗುರುಗುಂಟದ ಅಮರೇಶ್ವರಕ್ಕೆ ಹೋಗಿಬರುವ ಭಕ್ತರು ಈ ದಂಪತಿಗಳ ಊರಿಗೇ ಹೋಗಿಬರುತ್ತಾರೆ. ಅವರು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ನೆಲೆಸಿದರು. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸಿದರು. ಇದಕ್ಕಿಂತ ಸಣ್ಣ ಉದ್ಯೋಗವು ಜಗತ್ತಿನಲ್ಲಿ ಇರಲಾರದು. ಅದರಲ್ಲಿ ಬಂಡವಾಳವಿಲ್ಲ, ಆಳಿಲ್ಲ, ಇದ್ದವರು ಇಬ್ಬರು. ಅವರಲ್ಲಿ ಒಬ್ಬರು ಬಾರದಿದ್ದರೆ ಅಂದಿನ ದಾಸೋಹವೇ ಇಲ್ಲ.

ಈ ದಂಪತಿಗಳ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಅದರಲ್ಲಿ ಲಕ್ಕಮ್ಮನವರ ಎರಡು ಮಾತುಗಳು ಮುಖ್ಯವಾದುವು. ಒಮ್ಮೆ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತುಬಿಟ್ಟರು. ಹೊತ್ತು ಮೀರಿತು, ಅಕ್ಕಿ ಆಯುವ ಕೆಲಸವು ತಡೆಯಿತು. ಆಗ ಲಕ್ಕಮ್ಮನವರು ಗಂಡನಿಗೆ ಕಾಯಕವು ನಿಂತುದನ್ನು ನೆನಪಿಗೆ ತಂದು, ಹೊರಡಿರೆಂದು ಎಚ್ಚರಿಸಿದರು. ಇದು ಮೊದಲನೆಯ ಮಾತು. ಮತ್ತೊಮ್ಮೆ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಹೆಚ್ಚಾಯಿತೆಂದು ಲಕ್ಕಮ್ಮನವರು ಹಿಗ್ಗಲಿಲ್ಲ. ಬಡವರ ಮನೆಗೆ ಈ ಆಸೆಯು ಎಲ್ಲಿಂದ ಬಂದಿತೆಂದು ವಿಚಾರಿಸಿ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದರು. ಇದು ಎರಡನೆಯ ಮಾತು.

ಇವೆರಡು ಮಾತುಗಳನ್ನು ಒಟ್ಟಿಗೆ ಹಿಡಿದರೆ ಮಾತ್ರ ಕಾಯಕವು ಪೂರ್ಣವಾಗುವುದು. ದುಡಿಮೆಯು ತಪ್ಪಬಾರದು ಎಂಬುದು ಒಂದು. ದುಡಿಮೆಯಿಂದ ಅಳತೆ ಮೀರಿ ಎತ್ತಬಾರದು ಎಂಬುದು ಮತ್ತೊಂದು. ಲೋಕದಲ್ಲಿ ಕಾಣುವುದೇನೆಂದರೆ, ಯಜಮಾನನು ಮೊದಲನೆಯ ಮಾತನ್ನು ಬಾಯಿಪಾಠ ಮಾಡಿ ಆಳಿಗೆ ಹೇಳುತ್ತಾನೆ: ಕಾಯಕ ತಪ್ಪಿಸಬೇಡ, ಅದು ಶರಣರ ಆಜ್ಞೆ ಎಂದು. ಆಳು ಎರಡನೆಯ ಮಾತನ್ನು ಹಿಡಿದು ಯಜಮಾನನ ಬೆನ್ನ ಹಿಂದೆ ಆಡಿಕೊಳ್ಳುತ್ತಾನೆ: ಸಾಹುಕಾರರಿಗೆ ಆಸೆ ಹೆಚ್ಚಾಯಿತು ಎಂದು. ಪ್ರತಿಯೊಬ್ಬನೂ ತನಗೆ ಬೇಕಾದ ಮಾತನ್ನು ಎದುರಿನವನಿಗೆ ಹೇಳಿ, ತನಗೆ ಹೇಳಿದ ಮಾತನ್ನು ಕೇಳಿಸಿಕೊಳ್ಳದೆ ಬಿಡುತ್ತಾನೆ. ಮದ್ದುಗಳೆರಡೂ ಮನೆಯಲ್ಲಿವೆ, ರೋಗಿಗಳು ಮಾತ್ರ ಒಬ್ಬರದನ್ನೊಬ್ಬರು ಕುಡಿಸಲು ನಿಂತಿದ್ದಾರೆ.

ಲಕ್ಕಮ್ಮನವರ ಮಾತು ಗಂಡನಿಗೆ ನಾಟಿದ್ದೇಕೆ? ಅವರು ಮಾರಯ್ಯನವರ ಯಜಮಾನರಾಗಿರಲಿಲ್ಲ. ಮಾರಯ್ಯನವರು ತಂದ ಅಕ್ಕಿಯನ್ನು ಕೇರಿ, ಬೇಯಿಸಿ, ಬಂದವರಿಗೆ ನೀಡಿ, ಅದೇ ಗಡಿಗೆಯಲ್ಲಿ ಉಳಿದುದನ್ನು ಉಂಡವರು. ಕಾಯಕ ತಡೆದರೆ ಅವರ ಒಲೆಯೂ ತಡೆಯುತ್ತಿತ್ತು. ಹೆಚ್ಚಿನ ಅಕ್ಕಿಯನ್ನು ಹಿಂತಿರುಗಿಸಿದರೆ ಅವರ ಪಾಲೂ ಕಡಮೆಯಾಗುತ್ತಿತ್ತು. ಒಂದೇ ಗಡಿಗೆಯಲ್ಲಿ ಉಣ್ಣುವವರು ಹೇಳಿದ ಬುದ್ಧಿಮಾತು ಚುಚ್ಚುವುದಿಲ್ಲ. ಆಳಿಗೆ ಕಾಯಕದ ಉಪದೇಶ ಮಾಡುವ ಯಜಮಾನನು ಮೊದಲು ಈ ಪ್ರಶ್ನೆಯನ್ನು ತನಗೆ ಹಾಕಿಕೊಳ್ಳತಕ್ಕದ್ದು: ಈ ಉಪದೇಶದ ಭಾರದಲ್ಲಿ ತನ್ನ ಹೆಗಲಿಗೆ ಬಂದ ಪಾಲೆಷ್ಟು?

ಇನ್ನು ಹೆಚ್ಚಾದ ಅಕ್ಕಿಯ ವಿಚಾರ. ಅಂಗಡಿಯಲ್ಲಿ ಅದು ಎಲ್ಲಿದೆ? ಲಾಭವೆಲ್ಲವೂ ಹೆಚ್ಚಿನ ಅಕ್ಕಿಯೆಂದು ಹೇಳುವುದು ಸರಿಯಲ್ಲ. ಸತ್ಯದಿಂದ ಗಳಿಸಿದ ಲಾಭವು ದಾಸೋಹಕ್ಕೂ ಸಂಸಾರಕ್ಕೂ ಬೇಕೇ ಬೇಕು. ಆದರೆ ಐದು ಜನರು ಮಾಡತಕ್ಕ ಕೆಲಸವನ್ನು ನಾಲ್ವರಿಂದ ಮಾಡಿಸಿ, ಐದನೆಯವನ ಪಗಾರವನ್ನು ಗಲ್ಲೆಪೆಟ್ಟಿಗೆಯಲ್ಲಿ ಉಳಿಸಿಕೊಂಡಾಗ, ಆ ಉಳಿತಾಯವು ಯಾರದು? ಅದು ಆ ನಾಲ್ವರ ವಿಶ್ರಾಂತಿಯಿಂದ ಆಯ್ದು ತಂದುದು. ಅದೇ ಅಳತೆ ಮೀರಿದ ಅಕ್ಕಿ.

ಇದನ್ನು ಲೆಕ್ಕದಿಂದಲೇ ತೋರಿಸಬಹುದು. ವರ್ತಕರಿಗೆ ಲೆಕ್ಕವು ಬಲು ಬೇಗ ತಿಳಿಯುತ್ತದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ನೌಕರನಿಗೆ ವಾರಕ್ಕೊಂದು ದಿನದ ಬಿಡುವನ್ನೂ, ದುಡಿದ ಪ್ರತಿ 20 ದಿನಗಳಿಗೆ 1 ದಿನದಂತೆ ಸಂಬಳಸಹಿತ ರಜೆಯನ್ನೂ, ಕಾಯಿಲೆ ಮೊದಲಾದ ಯೋಗ್ಯ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯನ್ನೂ ಹೇಳುತ್ತದೆ. ವಾರದ ರಜೆಯ ದಿನ ಅಂಗಡಿಯೇ ಮುಚ್ಚಿರುವುದೆಂದು ಇಟ್ಟುಕೊಂಡರೆ, ವರ್ಷದಲ್ಲಿ ಅಂಗಡಿ ತೆರೆಯುವ ದಿನಗಳು ಸುಮಾರು 313. ಅದರಲ್ಲಿ ಒಬ್ಬ ನೌಕರನಿಗೆ ದುಡಿಮೆಯ ರಜೆ ಸುಮಾರು 14, ಕಾಯಿಲೆಯ ರಜೆ 12, ಒಟ್ಟು 26 ದಿನಗಳು. ನಾಲ್ವರು ನೌಕರರಿದ್ದರೆ 104 ದಿನಗಳು. ಎಂದರೆ, ಯಾರೂ ಮೈಗಳ್ಳರಲ್ಲದ, ಯಾರೂ ಸುಳ್ಳು ಹೇಳದ, ಎಲ್ಲರೂ ನ್ಯಾಯವಾಗಿ ನಡೆಯುವ ಅಂಗಡಿಯಲ್ಲಿಯೂ, ಮೂರು ದಿನಕ್ಕೊಮ್ಮೆ ಯಾರಾದರೊಬ್ಬರು ಬಾರದಿರಬಹುದು!

ಈ ಲೆಕ್ಕವನ್ನು ಕಂಡ ಮೇಲೆ ಆಳು ಬಾರದ ದಿನವನ್ನು ಆಕಸ್ಮಿಕವೆಂದು ಕರೆಯಲಾಗುವುದೇ? ಅಮಾವಾಸ್ಯೆಯು ತಿಂಗಳಿಗೊಮ್ಮೆ ಬರುತ್ತದೆಂದು ತಿಳಿದವನು ಕತ್ತಲೆಯನ್ನು ಕಂಡು ಚಂದ್ರನನ್ನು ಬೈಯುವುದಿಲ್ಲ; ದೀಪಕ್ಕೆ ಎಣ್ಣೆ ಹಾಕಿಟ್ಟುಕೊಳ್ಳುತ್ತಾನೆ. ನಾಲ್ವರೂ ವರ್ಷವೆಲ್ಲ ತಪ್ಪದೆ ಬರುವರೆಂಬ ಲೆಕ್ಕದ ಮೇಲೆ ವ್ಯಾಪಾರವನ್ನು ನಿಲ್ಲಿಸಿದವನು ಮನುಷ್ಯರ ಮೈಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಜ್ವರವಿಲ್ಲದ, ಹೆರಿಗೆಯಿಲ್ಲದ, ಸಾವಿಲ್ಲದ, ಮದುವೆಯಿಲ್ಲದ ಒಂದು ಲೋಕವನ್ನು ಅವನು ಊಹಿಸಿಕೊಂಡು, ಅದರ ಪ್ರಕಾರ ಪಗಾರವನ್ನು ಹಂಚಿದ್ದಾನೆ. ಆ ಊಹೆಯಿಂದ ಉಳಿದ ಹಣವನ್ನು ತಿಂಗಳು ತಿಂಗಳೂ ಎಣಿಸಿಕೊಂಡಿದ್ದಾನೆ. ಗುಮಾಸ್ತನಿಗೆ ಜ್ವರ ಬಂದ ಮುಂಜಾನೆ ಆ ಸಾಲವನ್ನು ತೀರಿಸುವ ಗಡುವು ಬಂದಿತು. ವರ್ತಕರ ಕಳವಳವೆಂಬುದು ಬಹುಪಾಲು ಆ ಸಾಲದ ಬಡ್ಡಿ. ಅದನ್ನು ಗುಮಾಸ್ತನ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ.

ಇದಕ್ಕೆ ವರ್ತಕರ ಉತ್ತರವೂ ಸಿದ್ಧವಾಗಿರುತ್ತದೆ, ಅದು ಬರಿಯ ನೆಪವೂ ಅಲ್ಲ. ಐದನೆಯವನನ್ನು ಇಟ್ಟುಕೊಳ್ಳುವಷ್ಟು ಹುಟ್ಟುವಳಿ ಇಲ್ಲ. ಪಕ್ಕದ ಅಂಗಡಿಯವನು ಮೂವರಿಂದಲೇ ನಡೆಸುತ್ತಿದ್ದಾನೆ. ಬೆಲೆ ಏರಿಸಿದರೆ ಗಿರಾಕಿ ಅಲ್ಲಿಗೆ ಹೋಗುತ್ತಾನೆ ಎಂದು ಅವರು ಹೇಳುವರು. ಈ ಕಷ್ಟವು ನಿಜ. ಎಲ್ಲರೂ ಐದನೆಯವನನ್ನು ಇಡಲೇಬೇಕೆಂದು ಶರಣತತ್ತ್ವವು ಹಟ ಹಿಡಿಯುವುದಿಲ್ಲ. ಆದರೆ ದಾರಿಗಳು ಬೇರೆ ಉಂಟು. ಗುಮಾಸ್ತನೊಬ್ಬನ ತಲೆಯಲ್ಲಿರುವ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿ, ಇನ್ನೊಬ್ಬನಿಗೂ ಅದನ್ನು ಕಲಿಸಬಹುದು. ಒಂದೇ ಬೀದಿಯ ಮೂರು ನಾಲ್ಕು ಅಂಗಡಿಯವರು ಸೇರಿ, ಯಾರ ಅಂಗಡಿಯಲ್ಲಿ ಕೊರತೆಯಾದರೂ ಅಲ್ಲಿಗೆ ಹೋಗುವಂತೆ ಒಬ್ಬನನ್ನು ಗೊತ್ತುಮಾಡಿ, ಅವನ ಪಗಾರವನ್ನು ಹಂಚಿಕೊಳ್ಳಬಹುದು. ಮದುವೆ, ಜಾತ್ರೆ, ಎಳ್ಳ ಅಮಾವಾಸ್ಯೆ, ಮುದಗಲ್ಲಿನ ಮೊಹರಂ ಇವೆಲ್ಲ ಮೊದಲೇ ತಿಳಿದಿರುವ ದಿನಗಳು. ಯಾರು ಯಾವಾಗ ಹೋಗಬೇಕೆಂಬುದನ್ನು ತಿಂಗಳ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಬಹುದು. ಕಡೆಗೆ, ಯಾವ ದಾರಿಯೂ ಇಲ್ಲದ ದಿನ, ಯಜಮಾನನೇ ಗುಮಾಸ್ತನ ಗಾದಿಯ ಮೇಲೆ ಕುಳಿತು ಚೀಟಿ ಬರೆಯಬಹುದು. ಇದಕ್ಕೆ ಖರ್ಚಿಲ್ಲ. ತಡೆಯುವುದು ಅಭಿಮಾನ ಒಂದೇ.

ಖಾಲಿಯಾದ ಸ್ಥಾನದಲ್ಲಿ ತಾನು ಒಂದು ದಿನ ಕುಳಿತ ಯಜಮಾನನಿಗೆ ತಿಳಿಯುವ ಸಂಗತಿಗಳು ಬಹಳ. ಗುಮಾಸ್ತನ ಕಣ್ಣಿಗೆ ಸಾಯಂಕಾಲದ ಹೊತ್ತಿಗೆ ಎಷ್ಟು ನೋವಾಗುತ್ತದೆ, ಮಧ್ಯಾಹ್ನದ ಊಟಕ್ಕೆ ಏಳಲು ಅವನಿಗೆ ಎಡೆ ಇರುತ್ತದೆಯೇ, ರೈತನ ಬಿರುನುಡಿಯನ್ನು ಅವನು ಎಷ್ಟು ಸಲ ನುಂಗಿಕೊಳ್ಳುತ್ತಾನೆ ಎಂಬುದೆಲ್ಲ ಆ ಗಾದಿಯ ಮೇಲೆ ಕುಳಿತವನಿಗೆ ಮಾತ್ರ ಗೊತ್ತಾಗುವುದು. ಆಗ ಅವನು ಲಕ್ಕಮ್ಮನವರ ಗಡಿಗೆಯಲ್ಲಿ ಒಂದು ತುತ್ತು ಉಂಡಂತಾಯಿತು. ಆ ಮೇಲೆ ಅವನು ಕಾಯಕದ ಮಾತನ್ನು ಹೇಳಿದರೆ ಅದಕ್ಕೆ ಬೆಲೆಯುಂಟು.

ಇಷ್ಟು ಹೇಳಿದ ಮಾತ್ರಕ್ಕೆ ದುಡಿಯುವವನ ಹೊಣೆಯು ಹಗುರವಾಯಿತೆಂದು ತಿಳಿಯಬಾರದು. ಲಿಂಗಸುಗೂರಿನ ಖಾನಾವಳಿಯನ್ನು ನೋಡೋಣ. ಅಲ್ಲಿ ಮೂವರು ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯುತ್ತಾರೆ. ಒಬ್ಬಳು ಸುಳಿವು ಕೊಡದೆ ಉಳಿದರೆ ಯಜಮಾನನಿಗೆ ನಷ್ಟವಾಗುವುದು ಆಮೇಲೆ. ಮೊದಲು ಬೇಯುವವರು ಒಲೆಯ ಮುಂದೆ ಕುಳಿತ ಉಳಿದಿಬ್ಬರು. ಮೂವರ ರೊಟ್ಟಿಯನ್ನು ಇಬ್ಬರು ಬಡಿಯಬೇಕು. ಮೂವರ ಹೊಗೆಯನ್ನು ಇಬ್ಬರು ಕುಡಿಯಬೇಕು. ಬಾರದವಳ ಮಗುವಿಗೆ ಜ್ವರ ಬಂದಿದ್ದರೆ ಆ ಇಬ್ಬರೂ ಮನಃಪೂರ್ವಕವಾಗಿ ಅವಳ ಪಾಲನ್ನು ಹೊರುವರು. "ಹೋಗಲಿ ಬಿಡವ್ವಾ, ನಾಳೆ ನಮಗೂ ಬರತೈತಿ" ಎಂದುಕೊಳ್ಳುವರು. ಆದರೆ ಕಾರಣವಿಲ್ಲದೆ, ಹೇಳದೆ ಕೇಳದೆ, ಮತ್ತೆ ಮತ್ತೆ ಉಳಿಯುವವಳು ತನ್ನಂತೆಯೇ ಬಡವರಾದವರ ಬೆನ್ನಿನ ಮೇಲೆ ತನ್ನ ಬಿಡುವನ್ನು ಹೇರುತ್ತಾಳೆ. ಅವಳು ತೆಗೆದುಕೊಂಡದ್ದೂ ಅಳತೆ ಮೀರಿದ ಅಕ್ಕಿಯೇ. ಅದನ್ನು ಅವಳು ಎತ್ತಿದ್ದು ಸಾಹುಕಾರನ ಕಣಜದಿಂದಲ್ಲ, ಪಕ್ಕದವಳ ಮೊರದಿಂದ.

ಆದುದರಿಂದ ದುಡಿಯುವವನಿಗೂ ಲಕ್ಕಮ್ಮನವರ ಮೊದಲನೆಯ ಮಾತು ಮುಟ್ಟಬೇಕು. ಮಾರಯ್ಯನವರು ಮೈಮರೆತು ಕುಳಿತದ್ದು ಹೆಂಡದಂಗಡಿಯಲ್ಲಲ್ಲ, ಶರಣರ ಗೋಷ್ಠಿಯಲ್ಲಿ. ಅಂತಹ ಪುಣ್ಯಸ್ಥಾನದಿಂದಲೂ ಎದ್ದು ಹೋಗಬೇಕೆಂದು ಹೇಳುವಷ್ಟು ಕಾಯಕವು ಹಿರಿದಾದರೆ, ಕುಡಿತಕ್ಕೂ ಜೂಜಿಗೂ ಅದನ್ನು ಬಲಿಗೊಡುವವನಿಗೆ ಏನು ಹೇಳುವುದು? ಬರಲಾಗದಿದ್ದರೆ ಹಿಂದಿನ ರಾತ್ರಿಯೇ ಒಂದು ಮಾತು ತಿಳಿಸುವುದು ದುಡಿಯುವವನ ಸತ್ಯವ್ರತ. ಕೈಯಲ್ಲಿ ಮೊಬೈಲು ಇರುವ ಈ ಕಾಲದಲ್ಲಿ ಅದಕ್ಕೆ ಕಷ್ಟವೇನೂ ಇಲ್ಲ. ಆದರೂ ಎಷ್ಟೋ ಜನರು ತಿಳಿಸುವುದಿಲ್ಲ. ಏಕೆ ತಿಳಿಸುವುದಿಲ್ಲ ಎಂಬುದೇ ಮುಂದಿನ ವಿಚಾರ.

ಮಸ್ಕಿಯ ಬಟ್ಟೆಯಂಗಡಿಯ ಹುಡುಗನು ತಂಗಿಯನ್ನು ಗಂಡಿನವರು ನೋಡಲು ಬರುತ್ತಾರೆಂದು ಒಂದು ದಿನದ ಸೂಟಿ ಕೇಳಿದನು ಎಂದು ಇಟ್ಟುಕೊಳ್ಳಿರಿ. ಯಜಮಾನರು ಹಬ್ಬದ ವ್ಯಾಪಾರದ ಮಾತೆತ್ತಿ ಗದರಿದರು, ಸೂಟಿ ಸಿಕ್ಕಲಿಲ್ಲ. ಎರಡು ತಿಂಗಳ ಬಳಿಕ ಅವನು ಅಜ್ಜಿ ತೀರಿಕೊಂಡಳೆಂದು ಹೇಳಿಕಳಿಸಿದನು; ಮರುಮಾತಿಲ್ಲದೆ ಮೂರು ದಿನದ ಸೂಟಿ ಸಿಕ್ಕಿತು. ಅಜ್ಜಿಯು ಬದುಕಿದ್ದಾಳೆಂಬುದು ಆಮೇಲೆ ಸಂತೆಯಲ್ಲಿ ತಿಳಿಯಿತು. ಹುಡುಗನು ಸುಳ್ಳನೆಂದು ಯಜಮಾನರು ಎಲ್ಲರೆದುರಿಗೂ ಆಡಿದರು. ಅವನು ಸುಳ್ಳು ಹೇಳಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಂಗಡಿಯಲ್ಲಿ ಸತ್ಯಕ್ಕೆ ಗದರಿಕೆಯೂ ಸುಳ್ಳಿಗೆ ಸೂಟಿಯೂ ದೊರೆಯುವುದೆಂಬ ಪಾಠವನ್ನು ಅವನಿಗೆ ಕಲಿಸಿದವರಾರು? ಅಂಗಡಿಯೂ ಒಂದು ಪಾಠಶಾಲೆ. ಅಲ್ಲಿ ಯಾವುದಕ್ಕೆ ಬೆಲೆ ಕಟ್ಟುವರೋ ಅದನ್ನೇ ಕೆಲಸಗಾರರು ಕಲಿಯುವರು. ನಿಜ ಹೇಳಿದವನಿಗೆ ಪೂರ್ತಿಯಾಗಿ ಅಲ್ಲದಿದ್ದರೂ ಅರ್ಧ ದಿನವಾದರೂ ಕೊಟ್ಟು ಕಳಿಸುವ ಯಜಮಾನನು ಮುಂದಿನ ಹತ್ತು ಸುಳ್ಳುಗಳನ್ನು ತಡೆಯುತ್ತಾನೆ.

ಇದೇ ಮಸ್ಕಿಯಲ್ಲಿ, ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ಮೇಲಿರುವ ಈ ಊರಿನ ಬಂಡೆಯೊಂದರ ಮೇಲೆ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಶಾಸನವೊಂದಿದೆ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರರ ಕಣ್ಣಿಗೆ ಅದು ಬಿದ್ದಿತು. ದೇವಾನಾಂಪ್ರಿಯನೆಂಬ ಬಿರುದಿನ ಸಮ್ರಾಟನು ಅಶೋಕನೇ ಎಂಬುದು ಶಾಸನಗಳಿಂದ ದೃಢಪಟ್ಟದ್ದು ಆ ಬಂಡೆಯಿಂದ. ಚಿನ್ನವನ್ನು ಅರಸಿ ಬಂದವನಿಗೆ ಧರ್ಮಲಿಪಿಯು ದೊರೆತ ಈ ಸಂಗತಿಯು ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆದರೆ ಆ ಬರಹದ ಒಳಗಿರುವ ವಿಚಾರವು ಅಂಗಡಿಯವರಿಗೂ ಬೇಕಾದುದು. ತಾನು ಧರ್ಮವನ್ನು ಹಿಡಿದು ಎರಡೂವರೆ ವರ್ಷಗಳಿಗೂ ಹೆಚ್ಚಾದರೂ ಮೊದಲು ತಕ್ಕಷ್ಟು ಶ್ರಮಪಡಲಿಲ್ಲವೆಂದು ಅಶೋಕನು ತನ್ನ ಲಘುಶಾಸನಗಳಲ್ಲಿ ಪ್ರಜೆಗಳ ಮುಂದೆ ಒಪ್ಪಿಕೊಳ್ಳುತ್ತಾನೆ. ಧರ್ಮದ ಈ ಗುರಿಯನ್ನು ದೊಡ್ಡವರು ಮಾತ್ರವೇ ಮುಟ್ಟುವರೆಂದು ಎಣಿಸಬಾರದು, ಸಣ್ಣವನೂ ಮುಟ್ಟಬಲ್ಲನು ಎಂಬ ಅರ್ಥವೂ ಅಲ್ಲಿದೆ. ಸಮ್ರಾಟನು ತನ್ನ ಕೆಲಸಕ್ಕೆ ತಾನು ಸರಿಯಾಗಿ ಹಾಜರಾಗಲಿಲ್ಲವೆಂದು ಬಂಡೆಯ ಮೇಲೆ ಬರೆಯಿಸುತ್ತಾನೆ. ನಾಲ್ಕು ಆಳುಗಳ ಯಜಮಾನನು ತನ್ನ ತಪ್ಪನ್ನು ಬಾಯಲ್ಲಿಯೂ ಹೇಳಲಾರನು! ತಾನು ತಡವಾಗಿ ಬಂದ ದಿನ, ಪಗಾರವನ್ನು ಹೊತ್ತಿಗೆ ಸರಿಯಾಗಿ ಕೊಡದ ತಿಂಗಳು, ಕೊಟ್ಟ ಮಾತನ್ನು ಮರೆತ ಸಂದರ್ಭ ಇವೆಲ್ಲ ಯಜಮಾನನ ಗೈರುಹಾಜರಿಗಳು. ಅವುಗಳಿಗೆ ಹಾಜರಿ ಪುಸ್ತಕವಿಲ್ಲ. ಅವುಗಳನ್ನು ಒಮ್ಮೆಯಾದರೂ ಆಳುಗಳ ಮುಂದೆ ಒಪ್ಪಿಕೊಂಡವನ ಅಂಗಡಿಯಲ್ಲಿ ಅಜ್ಜಿಯಂದಿರು ಪದೇ ಪದೇ ಸಾಯುವುದಿಲ್ಲ.

ಹಾಗಾದರೆ ಎಷ್ಟು ಹೇಳಿದರೂ ತಿದ್ದಿಕೊಳ್ಳದ ಮೈಗಳ್ಳನನ್ನು ಏನು ಮಾಡಬೇಕು? ಅವನನ್ನು ಜೀವಮಾನವೆಲ್ಲ ಸಹಿಸಿಕೊಂಡಿರಬೇಕೆಂಬುದು ದಯೆಯ ಅರ್ಥವಲ್ಲ. ಅವನ ಭಾರವನ್ನು ಉಳಿದವರು ಹೊರುತ್ತಿರುವಾಗ ಅವನನ್ನು ಇಟ್ಟುಕೊಳ್ಳುವುದು ಅವರಿಗೆ ಮಾಡಿದ ಅನ್ಯಾಯವಾಗುತ್ತದೆ. ಒಮ್ಮೆ ಏಕಾಂತದಲ್ಲಿ ಕಾರಣ ಕೇಳಬೇಕು; ಕುಡಿತವೋ, ಸಾಲವೋ, ಮನೆಯ ಕಲಹವೋ ತಿಳಿಯಬೇಕು. ಮತ್ತೊಮ್ಮೆ ಸ್ಪಷ್ಟವಾಗಿ ಎಚ್ಚರಿಸಬೇಕು. ಆ ಮೇಲೂ ಬದಲಾಗದಿದ್ದರೆ, ಕಾನೂನಿನಂತೆ ಮುನ್ಸೂಚನೆ ಕೊಟ್ಟು, ಅವನಿಗೆ ಸಲ್ಲತಕ್ಕ ಹಣವನ್ನು ಪೈಸೆ ಬಿಡದೆ ಎಣಿಸಿ ಕೊಟ್ಟು, ಕೆಟ್ಟ ಮಾತಾಡದೆ ಕಳುಹಿಸಬೇಕು. ಕೆಲಸದಿಂದ ಬಿಡಿಸುವುದು ಕೆಲವೊಮ್ಮೆ ಧರ್ಮವಾಗಬಹುದು. ಅವಮಾನ ಮಾಡುವುದು ಎಂದಿಗೂ ಧರ್ಮವಾಗಲಾರದು.

2024ರ ಆಗಸ್ಟ್ 10ರ ರಾತ್ರಿಯನ್ನು ಸಿಂಧನೂರು ಸೀಮೆಯವರು ಮರೆತಿರಲಾರರು. ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. 32 ಗೇಟುಗಳು ಅಲ್ಲಿಯೇ ಇದ್ದರೂ ಒಂದರ ಜಾಗವು ಖಾಲಿಯಾದೊಡನೆ, ತುಂಬಿದ ಜಲಾಶಯದ ನೀರನ್ನು ನದಿಗೆ ಬಿಟ್ಟು ಇಳಿಸಬೇಕಾಯಿತು. ಕಾಲುವೆಯ ಕೊನೆಯ ಹೊಲದ ರೈತನವರೆಗೆ ಎಲ್ಲರೂ ಬೆಳೆಯ ಚಿಂತೆಯಲ್ಲಿ ಮುಳುಗಿದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿ ನೀರನ್ನು ತಡೆದ ಕೆಲಸಗಾರರನ್ನು ನಾಡೆಲ್ಲವೂ ಹೊಗಳಿತು. ಅಂದು ಹತ್ತೊಂಬತ್ತನೆಯ ಗೇಟನ್ನು ಯಾರೂ ಕೃತಘ್ನವೆಂದು ಬೈಯಲಿಲ್ಲ. ಎಪ್ಪತ್ತು ವರ್ಷ ಭಾರ ಹೊತ್ತ ಸರಪಳಿಯನ್ನು ಹೇಗೆ ನೋಡಿಕೊಂಡೆವೆಂದು ಎಲ್ಲರೂ ಕೇಳಿದರು. ಕಬ್ಬಿಣದ ಸರಪಳಿಗೆ ತೋರಿದ ಈ ವಿಚಾರವನ್ನು ಮನುಷ್ಯನಿಗೆ ತೋರಬಾರದೇಕೆ? ಒಬ್ಬನು ಬಾರದ ದಿನವೇ ಅವನು ಅಷ್ಟು ದಿನ ಎಷ್ಟು ಭಾರವನ್ನು ಹೊತ್ತಿದ್ದನೆಂಬುದು ಕಾಣುವುದು.

ಸಿಂಧನೂರಿನ ವರ್ತಕರ ಆ ಮುಂಜಾನೆಗೆ ಹಿಂತಿರುಗಿ ನೋಡಿದರೆ, ಅವರು ಮಾಡಬೇಕಾದುದು ಬಹಳವೇನೂ ಇಲ್ಲ. ಕೈಯಲ್ಲಿರುವ ಲಿಂಗವನ್ನು ಮನಸ್ಸಿಟ್ಟು ಪೂಜಿಸಬೇಕು. ಗಡಿಯಾರವು ಓಡಿದರೆ ಓಡಲಿ. ಅಂಗಡಿಗೆ ಹೋಗಿ ಕಾದ ರೈತರಿಗೆ, ಇಂದು ಗುಮಾಸ್ತನು ಬಂದಿಲ್ಲ, ತೂಕವು ಸ್ವಲ್ಪ ತಡವಾಗುವುದೆಂದು ಕೈಮುಗಿದು ನಿಜವನ್ನು ಹೇಳಬೇಕು. ಗಾದಿಯ ಮೇಲೆ ತಾವೇ ಕುಳಿತು ಚೀಟಿ ಬರೆಯಬೇಕು. ಸಾಯಂಕಾಲ ಬಾಗಿಲು ಹಾಕಿದ ಮೇಲೆ ಆ ಗುಮಾಸ್ತನ ಮನೆಗೆ ಹೋಗಬೇಕು. ತನಿಖೆಗೆಂದು ಹೋಗಬಾರದು, ಹೇಗಿದ್ದೀಯಪ್ಪಾ ಎಂದು ಕೇಳಲು ಹೋಗಬೇಕು. ಅವನು ನಿಜವಾಗಿ ಜ್ವರದಲ್ಲಿದ್ದರೆ ಒಂದು ಜೀವಕ್ಕೆ ಧೈರ್ಯ ಬಂದೀತು. ಸುಳ್ಳು ಹೇಳಿದ್ದರೆ, ಅಂತಹ ಪ್ರಶ್ನೆಯ ಮುಂದೆ ತಲೆತಗ್ಗಿಸಿದವನು ಇನ್ನೊಮ್ಮೆ ಸುಳ್ಳು ಹೇಳಲು ಹಿಂಜರಿದಾನು. ರಾತ್ರಿ ಮಲಗುವ ಮುನ್ನ ಲೆಕ್ಕದ ಪುಸ್ತಕವನ್ನು ತೆರೆದು, ಯಾರ ವಿಶ್ರಾಂತಿಯಿಂದ ಎಷ್ಟು ಅಕ್ಕಿಯನ್ನು ಹೆಚ್ಚಾಗಿ ಆಯ್ದು ತಂದಿದೆಯೆಂದು ಒಮ್ಮೆ ಕೂಡಿ ನೋಡಬೇಕು.

ಅಮರೇಶ್ವರದ ಆ ತಾಯಿಯು ಹೆಚ್ಚಿನ ಅಕ್ಕಿಯನ್ನು ಹಿಂತಿರುಗಿಸಿದ ಮೇಲೆ, ಉಳಿದ ಸ್ವಲ್ಪದರಿಂದಲೇ ಅಸಂಖ್ಯಾತ ಶರಣರಿಗೆ ದಾಸೋಹವಾಯಿತೆಂದು ಕಥೆಯು ಹೇಳುತ್ತದೆ. ಭಕ್ತರು ಅದನ್ನು ಪವಾಡವೆಂದು ನಂಬುವರು. ಅದರೊಳಗೆ ಗೃಹಸ್ಥನಿಗೆ ಒಂದು ಸರಳವಾದ ಅನುಭವವೂ ಅಡಗಿದೆ. ತನ್ನದಲ್ಲದುದನ್ನು ಸುರಿದು ಬಂದವನ ಮನೆಯಲ್ಲಿ ಉಳಿದಷ್ಟೂ ಸಾಕಾಗುವುದು. ಅವನಿಗೆ ರಾತ್ರಿ ನಿದ್ದೆ ಬರುವುದು. ಮರುದಿನ ಬೆಳಿಗ್ಗೆ ಅವನ ಅಂಗಡಿಗೆ ಜನರು ತಾವಾಗಿ ಬರುವರು.